ಮೋರಿ ಮೇಡಂ ಮತ್ತು ನಮ್ಮ ಮನೆಯ ರಾಣಿ ಬಣ್ಣ

ಮನೆಗೆ ಬಂದವರು ಮೊದಲು ನಮ್ಮ ಮುಖ ನೋಡುತ್ತಾರೆ. ಆಕೆ ಮೊದಲು ಮೋರಿ ನೋಡುತ್ತಿದ್ದರು. ಗೇಟಿನ ಹತ್ತಿರ ನಿಂತು, ಮಡಿಸಿದ ಕಪ್ಪು ಛತ್ರಿಯನ್ನು ಮೋರಿಗೆ ಇಳಿಸಿ, ಕೆಸರು ಎಷ್ಟು ಕೂತಿದೆ ಎಂದು ಅಳೆದು, ಛತ್ರಿ ಒದರಿ, ಆಮೇಲೆ ತಲೆ ಎತ್ತಿ "ಏನವ್ವ, ಚೆಂದಾಗಿದ್ದೀಯಾ?" ಅನ್ನುವರು. ಛತ್ರಿಯ ಬಟ್ಟೆಗೆ ಅರ್ಧ ಅಡಿಗೊಂದರಂತೆ ಬಿಳಿ ದಾರದಲ್ಲಿ ಹೊಲಿಗೆ ಹಾಕಿಕೊಂಡಿದ್ದರು. ಅಳತೆ ಟೇಪು ಆಫೀಸಿನದು, ಯಾರಾದರೂ ತಕಂಡು ಹೋಗುತ್ತಾರೆ, ಛತ್ರಿ ನಂದು ಎನ್ನುವುದು ಅವರ ವಾದ.

ನಮ್ಮ ಪಟ್ಟಣ ಪಂಚಾಯಿತಿಗೆ ಎಂಜಿನಿಯರಾಗಿದ್ದವರು. ಹೆಸರು ಬರೆಯುವುದಿಲ್ಲ. ಬರೆದರೆ ಫೋನಿನಲ್ಲೇ ಬೈಯುತ್ತಾರೆ. ಊರಿನ ಹೆಸರೂ ಬೇಡ, ಕೊಳ್ಳೇಗಾಲದ ಕಡೆಯ ಒಂದು ಸಣ್ಣ ಊರು ಅಂದುಕೊಳ್ಳಿ. ಬೆನ್ನ ಹಿಂದೆ ನಾವೆಲ್ಲ ಅವರನ್ನು ಮೋರಿ ಮೇಡಂ ಎನ್ನುತ್ತಿದ್ದೆವು. ಒಂದು ಸಲ ನಾನು ಆಫೀಸಿಗೆ ಫೋನ್ ಮಾಡಿ, ಬಾಯಿ ತಪ್ಪಿ, "ಮೋರಿ ಮೇಡಂ ಅವ್ರಾ?" ಎಂದು ಕೇಳಿಬಿಟ್ಟೆ.

"ನಾನೇ ಕಣವ್ವ. ಏಳು, ಏನ್ ಕಟ್ಕಂಡದೆ?" ಅಂದರು ಆ ಕಡೆಯಿಂದ.

ಹುಟ್ಟಿದ್ದು ಲೊಕ್ಕನಹಳ್ಳಿ ಕಡೆ. ಜೋಳ ಬಿತ್ತಿದರೆ ಹಂದಿಗೆ ಅರ್ಧ, ನಮಗೆ ಅರ್ಧ ಎಂದು ನಗುತ್ತಾ ಹೇಳುತ್ತಿದ್ದರು. ಮದುವೆಯಾಗಿರಲಿಲ್ಲ. ಕೊಳ್ಳೇಗಾಲದಲ್ಲಿ ಅಕ್ಕನ ಜೊತೆ ಇದ್ದುಕೊಂಡು ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದರು. ಸಾಹೇಬರ ಹತ್ತಿರ ಫೈಲಿನ ಕನ್ನಡ, ನಮ್ಮ ಹತ್ತಿರ ಹಕಾರ ನುಂಗುವ ಹಟ್ಟಿ ಕನ್ನಡ. ಸಿಟ್ಟು ಬಂದರೆ ಮಾತ್ರ ಯಾರ ಮುಂದಾದರೂ ಹಟ್ಟಿ ಕನ್ನಡವೇ. ನಮ್ಮ ಸೋದರತ್ತೆಯ ಮೊಮ್ಮಗಳ ಮದುವೆಗೆ ಕರೆದಿದ್ದೆ. ಎಲ್ಲರೂ ಧಾರೆ ನೋಡುತ್ತಿದ್ದರೆ ಮೇಡಂ ಕಾಣಿಸಲಿಲ್ಲ. ಹುಡುಕಿದರೆ ಛತ್ರದ ಹಿಂದೆ, ಅಡುಗೆಯವರು ಗಂಜಿ ಬಸಿಯುವ ಜಾಗದಲ್ಲಿ, ರೇಷ್ಮೆ ಸೀರೆ ಮೊಣಕಾಲವರೆಗೆ ಎತ್ತಿಕೊಂಡು, "ಈ ಗಂಜಿ ಎಲ್ಲಿಗೆ ಓಯ್ತದಪ್ಪ?" ಎಂದು ಭಟ್ಟರನ್ನು ವಿಚಾರಿಸುತ್ತಿದ್ದರು.

ಅವರು ನಮ್ಮ ಬೀದಿಗೆ ತಿಂಗಳುಗಟ್ಟಲೆ ಅಂಟಿಕೊಂಡಿದ್ದು ಅನುದಾನ ಬಂದ ವರ್ಷ. ಮಳೆ ನೀರು ಊರಿನ ಹೊಲಸು ಹೊತ್ತುಕೊಂಡು ಕೆರೆ ಸೇರದ ಹಾಗೆ ಮೋರಿಗಳನ್ನು ಸರಿಮಾಡಿ ಎಂದು ಸರ್ಕಾರ ಪಂಚಾಯಿತಿಗೆ ದುಡ್ಡು ಕೊಟ್ಟಿತ್ತು, ಎರಡು ಕಂತಿನಲ್ಲಿ. ಮೊದಲ ಕಂತಿನಲ್ಲಿ ನಮ್ಮ ಮೇಲಿನ ಬೀದಿಗೆ ಮಳೆ ಮೋರಿ ಕಟ್ಟಿ, ಅದು ಮುಗಿಯುವ ಕಡೆ ಜಾಲರಿ ಹಾಕಿದ ಮರಳಿನ ತೊಟ್ಟಿ ಮಾಡಿದರು. ತೊಟ್ಟಿಯಿಂದ ಮುಂದೆ ಕೆರೆಯವರೆಗೆ ಕೆಳಗಿನ ಬೀದಿ. ಅಲ್ಲಿ ಮೋರಿಯೇ ಇರಲಿಲ್ಲ, ಬರೀ ಮಣ್ಣಿನ ಕಾಲುವೆ. ಎರಡನೇ ಕಂತು ಅವರಿಗೆ. ಆದರೆ ಅದಕ್ಕೆ ಮುಂಚೆ ಮೇಲಿನ ಆಫೀಸಿನವರು ಬಂದು ತೊಟ್ಟಿಯ ನೀರನ್ನು ಬಾಟಲಿಗೆ ತುಂಬಿಕೊಂಡು ಹೋಗಿ ಪರೀಕ್ಷೆ ಮಾಡುತ್ತಾರೆ. ಮಳೆ ಮೋರಿಯಲ್ಲಿ ಕಕ್ಕಸಿನ ನೀರು ಸಿಕ್ಕಿತೋ, ಎರಡನೇ ಕಂತು ಬೇರೆ ಊರಿನ ಪಾಲು.

ಕೆಳಗಿನ ಬೀದಿಯ ಮೊದಲ ಮನೆ ಚಿಕ್ಕತಾಯಮ್ಮನದು. ಹೂ ಕಟ್ಟಿ ಮಾರುವ ಹೆಂಗಸು. ನನ್ನ ದೇವರಿಗೆ ಹೂ ಅವಳ ಕೈಯದೇ. ಮೋಡ ಕಪ್ಪಾದರೆ ಅವಳು ಮೊದಲು ಅಕ್ಕಿ ಡಬ್ಬವನ್ನು ಮಂಚದ ಮೇಲೆ ಇಡುವಳು, ಆಮೇಲೆ ಬಾಣಂತಿ ಸೊಸೆಯನ್ನು, ಆಮೇಲೆ ಮಗುವನ್ನು. ಮೊಣಕಾಲಿನ ಮಟ್ಟಕ್ಕೆ ನೀರು ನುಗ್ಗುತ್ತಿತ್ತು. ಎಂಥ ನೀರು ಅಂತ ಬರೆಯುವುದು ಬೇಡ, ಓದುವವರು ಊಟಕ್ಕೆ ಕೂತಿರಬಹುದು.

ಈಗ ನಮ್ಮ ಬೀದಿಯ ವಿಷಯ. ನಾವು ಮಡಿಯವರು. ಶುಭ ಕಾರ್ಯಕ್ಕೆ ಮುಂಚೆ ಮುತ್ತೈದೆಯರು ಕಳಶ ಹೊತ್ತು ಕೆರೆಗೆ ಹೋಗಿ ಗಂಗೆ ತರುವುದು ನಮ್ಮಲ್ಲಿ ನಡೆದುಕೊಂಡು ಬಂದದ್ದು. ಕೆರೆ ನಾರಲು ಶುರುವಾದ ಮೇಲೆ ನಾವೊಂದು ಉಪಾಯ ಮಾಡಿಕೊಂಡಿದ್ದೆವು. ಮನೆಯಲ್ಲೇ ಬೋರಿನ ನೀರು ತುಂಬಿ, ವೀಳ್ಯದೆಲೆ ತೆಂಗಿನಕಾಯಿ ಇಟ್ಟು ಮುಚ್ಚಿ, ಕೆರೆ ಏರಿ ಮೇಲೆ ಪೂಜೆ ಮಾಡಿ, ಅದೇ ನೀರನ್ನು ವಾಪಸು ಹೊತ್ತು ತರುವುದು. ಯಾರೂ ಅದನ್ನು ಬಾಯಿಬಿಟ್ಟು ಆಡುತ್ತಿರಲಿಲ್ಲ. ಒಂದು ದಿನ ಏರಿಯ ಮೇಲೆ ಛತ್ರಿ ಹಿಡಿದು ನಿಂತಿದ್ದ ಮೇಡಂ ಮಾತ್ರ ನನ್ನನ್ನು ತಡೆದು, "ಅಲ್ಲ ಕಣವ್ವ, ಬರೋವಾಗ್ಲೇ ಕೊಡ ತುಳುಕ್ತಿತ್ತಲ್ಲ. ಗಂಗೆ ನಿಮ್ಮನೇಲೇ ಉಟ್ತಾಳಾ?" ಅಂದರು.

ನನಗೆ ಮೈ ಉರಿಯಿತು. "ಕೆರೆ ಹಂಗೆ ಮಾಡಿಟ್ಟವ್ರೆ ಮೇಡಂ ಕೆಳಗಿನ ಬೀದಿಯೋರು. ನಾವೇನ್ ಮಾಡಣ?" ಅಂದೆ.

ಮೇಡಂ ನನ್ನನ್ನೇ ನೋಡಿದರು. ಆ ನೋಟ ನನಗೆ ಅವತ್ತು ಅರ್ಥವಾಯಿತು, ಅರ್ಥವಾಗದ ಹಾಗೆ ಇದ್ದುಬಿಟ್ಟೆ. ಏಕೆಂದರೆ ನಮ್ಮ ಮನೆಯ ಕಕ್ಕಸಿನ ಗುಂಡಿ ತುಂಬಿ ಎಷ್ಟೋ ವರ್ಷವಾಗಿತ್ತು. ಹೊಸ ಗುಂಡಿಗೆ ಜಾಗವಿಲ್ಲ ಎಂದು ನಮ್ಮ ಯಜಮಾನರು ಗಾರೆಯವರಿಗೆ ಹೇಳಿ, ಜಗಲಿಯ ಕೆಳಗೆ ಹೊಲಸು ಸೇರುವ ಚೇಂಬರಿನಿಂದ ಒಂದು ಪೈಪನ್ನು ಸೀದಾ ಮಳೆ ಮೋರಿಗೆ ಬಿಡಿಸಿದ್ದರು. ಹೊಸ ಮೋರಿ ಕಟ್ಟಿದಾಗಲೂ ಪೈಪನ್ನು ಗೋಡೆಯೊಳಗೆ ಸೇರಿಸಿಬಿಟ್ಟರು. ಅದರ ಮೇಲೆ ನಾನು ದಿನಾ ರಂಗೋಲಿ ಹಾಕುತ್ತಿದ್ದೆ.

ತಪಾಸಣೆ ಮಂಗಳವಾರ ಎಂದು ಗೊತ್ತಾಯಿತು. ಶನಿವಾರ ಮೇಡಂ ಬಂದರು, ಕೈಯಲ್ಲಿ ಬೇಕರಿಯ ಕವರು. ಒಳಗೆ ಜಿಲೇಬಿಗೆ, ಕೇಕಿಗೆ ಹಾಕುವ ಬಣ್ಣದ ಪುಡಿಗಳು. ಒಂದೊಂದು ಮನೆಯ ಕಕ್ಕಸಿಗೆ ಒಂದೊಂದು ಬಣ್ಣ ಸುರಿದು ನೀರು ಬಿಡುವುದು, ಕೆಳಗೆ ತೊಟ್ಟಿಯ ಹತ್ತಿರ ಒಬ್ಬರು ಫೋನ್ ಹಿಡಿದು ನಿಲ್ಲುವುದು, ಯಾವ ಬಣ್ಣ ಬಂತೋ ಆ ಮನೆಯ ಪೈಪು ಕಳ್ಳ ಪೈಪು.

"ಕೆರೆಗೆ ಬಣ್ಣ ಸುರೀತೀರಲ್ಲ ಮೇಡಂ, ಮೀನು ಸಾಯಲ್ವಾ?" ಎಂದು ಪಕ್ಕದ ಮನೆಯ ಮಾದೇಶಪ್ಪನವರು ಕೊಂಕು ತೆಗೆದರು.

"ತಿನ್ನೋ ಬಣ್ಣ ಕಣ್ರಿ. ನಿಮ್ಮನೇದು ಕುಡುದು ಬದುಕಿರೋ ಮೀನು, ಜಿಲೇಬಿ ಬಣ್ಣಕ್ಕೆ ಸತ್ತದಾ?" ಅಂದರು ಮೇಡಂ. ಬೀದಿಗೆ ಬೀದಿಯೇ ನಕ್ಕಿತು. ನಾನು ನಗಲಿಲ್ಲ.

ಸುದ್ದಿ ಹಿಂದಿನ ದಿನವೇ ತಿಳಿದಿತ್ತು. ನಮ್ಮ ಯಜಮಾನರು ಒಳ್ಳೆಯವರು, ಕುಡಿತವಿಲ್ಲ, ಬೇರೆ ಚಾಳಿಯಿಲ್ಲ, ಪ್ರತಿ ಅಮಾವಾಸ್ಯೆ ಮಾದಪ್ಪನ ಬೆಟ್ಟಕ್ಕೆ ಹೋಗುತ್ತಾರೆ. ಆದರೆ ಅಕ್ಕಿ ಮಂಡಿಯಲ್ಲಿ ಕೂತವರಿಗೆ ಮರ್ಯಾದೆಯ ಭಯ ಜಾಸ್ತಿ. ಒಂದು ಗೋಣಿಚೀಲವನ್ನು ಸುತ್ತಿ ಸುತ್ತಿ ಆ ಪೈಪಿನ ಬಾಯೊಳಗೆ, ಹೊರಗೆ ಕಾಣದ ಹಾಗೆ ತುರುಕಿದರು. "ಬುಧವಾರದವರೆಗೆ ಯಾರೂ ಜಾಸ್ತಿ ನೀರು ಬಿಡ್ಬ್ಯಾಡಿ," ಎಂದು ಹೇಳಿ ಮಂಡಿಗೆ ಹೋದರು.

ಮೇಡಂ ನಮ್ಮ ಮನೆಗೆ ಬಂದಾಗ ಬಿಸಿಲು ನೆತ್ತಿಗೆ ಬಂದಿತ್ತು. ಅವರು ಕಾಫಿ ಕುಡಿಯುತ್ತಿರಲಿಲ್ಲ. ನಾನು ಮಜ್ಜಿಗೆಗೆ ಇಂಗು, ಕರಿಬೇವು ಹಾಕಿ ದೊಡ್ಡ ಲೋಟದಲ್ಲಿ ಕೊಟ್ಟೆ. ಎರಡೇ ಗುಟುಕಿಗೆ ಮುಗಿಸಿ, ಲೋಟ ತೊಳೆದಿಟ್ಟು, "ನಿಮ್ದು ಎಲ್ಲಿಗೆ ಓಯ್ತದವ್ವ?" ಎಂದು ಕೇಳಿದರು.

"ಗುಂಡಿಗೆ ಮೇಡಂ," ಅಂದೆ. ಹಣೆಯ ಮೇಲೆ ವಿಭೂತಿ ಇತ್ತು ನನಗೆ.

ನಮ್ಮ ಮನೆಗೆ ಬಂದ ಬಣ್ಣ ರಾಣಿ ಪಿಂಕು. ಧಾರೆ ಸೀರೆಗೆ ಬರುತ್ತದಲ್ಲ, ಅದು. ಅರ್ಧ ಪೊಟ್ಟಣ ಸುರಿದು, ನಾಲ್ಕು ಬಕೆಟ್ ನೀರು ಹೊಯ್ದರು. ಕಾದರು. ಕೆಳಗಿನಿಂದ ಫೋನು: "ಏನೂ ಬರ್ಲಿಲ್ಲ ಮೇಡಂ." ಇನ್ನೆರಡು ಬಕೆಟ್. ಕಾದರು. "ಇಲ್ಲ ಮೇಡಂ." ಅವರು ಪುಸ್ತಕದಲ್ಲಿ ಸರಿ ಗುರುತು ಹಾಕಿಕೊಂಡು ಮುಂದಿನ ಮನೆಗೆ ಹೋದರು. ಎಲ್ಲ ಮನೆಯದೂ ಸರಿಯಿದೆ ಎಂದು ಸಂಜೆ ಸಹಿ ಹಾಕಿ ವರದಿ ಕಳಿಸಿದರಂತೆ.

ದಿನದ ಕೊನೆಗೆ ಆವತ್ತು ಸಿಕ್ಕ ಸಣ್ಣಪುಟ್ಟ ದಯೆಗಳನ್ನು ಎಣಿಸಿ ಕೈಮುಗಿಯುವುದು ನನ್ನ ಅಭ್ಯಾಸ. ಹಾಲು ಒಡೆಯಲಿಲ್ಲ, ಮಂಡಿ ನೋವು ಕಡಿಮೆ ಇತ್ತು, ಮಗಳು ಯಳಂದೂರಿನಿಂದ ಫೋನ್ ಮಾಡಿದಳು, ಹೀಗೆ. ಅವತ್ತು ಬಣ್ಣ ಬರದೇ ಇದ್ದದ್ದನ್ನೂ ಸೇರಿಸಿ ಎಣಿಸಿದೆ. ನಮ್ಮ ಸುಳ್ಳನ್ನೂ ಮಾದಪ್ಪನ ತಲೆಗೆ ಕಟ್ಟಿದೆ.

ಸೋಮವಾರ ಮಧ್ಯಾಹ್ನ ಮೂರರ ಹೊತ್ತಿಗೆ ಮಳೆ ಬಂತು. ಮುನ್ಸೂಚನೆಯೇ ಇಲ್ಲದೆ ಬಡಿದ ಮಳೆ. ನಮ್ಮ ತಾರಸಿಯ ನೀರು ಇಳಿಯುವ ಪೈಪೂ ಅದೇ ಚೇಂಬರಿಗೆ ಸೇರುತ್ತದೆ ಎಂಬುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಜಗಲಿಯ ಕಲ್ಲಿನ ಕೆಳಗೆ ಗುಡುಗುಡು ಸದ್ದಾಯಿತು. ನಾನು ಬಾಗಿಲಿಗೆ ಬರುವಷ್ಟರಲ್ಲಿ ಗೋಣಿಚೀಲ ಮೋರಿಗೆ ಹಾರಿತು. ಅದರ ಹಿಂದೆಯೇ, ಎರಡು ದಿನ ಒಳಗೆ ಕಟ್ಟಿಕೊಂಡಿದ್ದೆಲ್ಲ. ರಾಣಿ ಪಿಂಕು. ಬಿಳಿ ಸಿಮೆಂಟಿನ ಹೊಸ ಮೋರಿಯಲ್ಲಿ ಅದು ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ, ಮಾದಪ್ಪಾ, ಕಣ್ಣು ಮುಚ್ಚಿಕೊಂಡೆ.

ಕೊಡೆ ಹಿಡಿದು ಕೆಳಗೆ ಓಡಿದೆ. ತೊಟ್ಟಿಯ ಸುತ್ತ ಜನ ಸೇರಿದ್ದರು. ತೊಟ್ಟಿ ತುಂಬಿ, ಚಿಕ್ಕತಾಯಮ್ಮನ ಹೊಸಿಲು ದಾಟಿ ಪಿಂಕು ನೀರು ಒಳಗೆ ನುಗ್ಗಿತ್ತು. ಅವಳು ಮೊರದಲ್ಲಿ ನೀರು ಎತ್ತಿ ಹೊರಗೆ ಚೆಲ್ಲುತ್ತಾ ಕೂಗುತ್ತಿದ್ದಳು: "ನೋಡ್ರಪ್ಪೋ, ಮೇಲ್ನೋರ್ದು ಬಣ್ಣ ಬಣ್ಣದ್ದು ಬತ್ತದೆ! ನಮ್ದು ಗಲೀಜು ಅಂತಿದ್ರಲ್ಲ, ನೋಡ್ಬನ್ರಿ!" ಒಳಗೆ ಮಂಚದ ಮೇಲೆ ಸೊಸೆ, ಅವಳ ತೊಡೆಯ ಮೇಲೆ ಮಗು.

ಮೇಡಂ ಆಗಲೇ ಅಲ್ಲಿದ್ದರು. ಪೂರ್ತಿ ನೆಂದಿದ್ದರು.

"ಪುಸ್ತಕ ತಗೀರಿ ಮೇಡಂ, ಯಾರ್ ಮನೆಗೆ ಈ ಬಣ್ಣ ಉಯ್ದಿದ್ರಿ?" ಎಂದು ಮಾದೇಶಪ್ಪನವರೇ ಮುಂದೆ ಬಂದರು. ಅವರ ಮನೆಯದು ಹಸಿರು, ಅವರಿಗೇನು ಭಯ.

ಮೇಡಂ ಪುಸ್ತಕವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಬ್ಯಾಗಿನೊಳಗೆ ಇಟ್ಟರು. "ನೆಂದೋಯ್ತದೆ. ಆಮ್ಯಾಕೆ," ಅಂದರು. ಜನದ ಮಧ್ಯೆ ನನ್ನ ಹತ್ತಿರ ಬಂದು, ಬೇರೆ ಯಾರಿಗೂ ಕೇಳದ ಹಾಗೆ, "ನಾಳೆ ಅತ್ತು ಗಂಟೆಗೆ ಬಾಟ್ಲಿ ತುಂಬ್ತಾರೆ," ಅಂದರು. ಅಷ್ಟೇ. ನನ್ನ ಮುಖವನ್ನೂ ನೋಡಲಿಲ್ಲ.

ನಾನು ಮನೆಗೆ ಹೋಗಲಿಲ್ಲ, ಸೀದಾ ಮಂಡಿಗೆ ಹೋದೆ. ಮೂವತ್ತು ವರ್ಷದ ಸಂಸಾರದಲ್ಲಿ ಮಂಡಿಗೆ ಕಾಲಿಟ್ಟಿದ್ದು ಅದೇ ಮೊದಲು. ಗಿರಾಕಿಗಳ ಮುಂದೆಯೇ, "ಜಗಲಿ ಒಡೆಸ್ಬೇಕು, ಈಗ್ಲೇ," ಅಂದೆ.

"ತಲೆ ಕೆಟ್ಟದಾ ನಿಂಗೆ? ಊರಿಗೆಲ್ಲಾ ಗೊತ್ತಾಯ್ತದೆ."

"ಚಿಕ್ಕತಾಯಿ ಸೊಸೆ ಮಂಚದ ಮೇಲೆ ಕೂತವ್ಳೆ. ಮಗು ಇಪ್ಪತ್ತು ದಿನದ್ದು. ನೀವು ಬರ್ದೇ ಇದ್ರೆ ನಾನೇ ಹಾರೆ ತಕತೀನಿ."

ಅವರು ಗಿರಾಕಿಯ ಅಕ್ಕಿ ತೂಗಿ ಮುಗಿಸಿದರು. ಆಮೇಲೆ ಎದ್ದರು. ಎದ್ದರಲ್ಲ, ಅದು ದಯೆ.

ಕಲ್ಲು ಏಳಿಸಿ, ಪೈಪು ಕತ್ತರಿಸಿ, ಸಿಮೆಂಟು ಮೆತ್ತುವಷ್ಟರಲ್ಲಿ ಐದೂವರೆ. ಆದರೆ ತೊಟ್ಟಿಯಲ್ಲಿ, ಮೋರಿಯಲ್ಲಿ ನಮ್ಮದೆಲ್ಲ ಹಾಗೇ ಇತ್ತು. ನಾನು ಬುದ್ಧಿವಂತಳ ಹಾಗೆ ಮನೆಯಿಂದ ಪೈಪು ಎಳೆದು ಮೋರಿ ತೊಳೆಯಲು ಹೋದೆ. ಮೇಡಂ ದೂರದಿಂದಲೇ ಅಬ್ಬರಿಸಿದರು: "ಏ, ನಿಲ್ಸು! ತೊಳುದ್ರೆ ಕೆರೆಗೇ ತಾನೇ ಓಗೋದು! ಇಷ್ಟ್ ವರ್ಸ ಸಾಕಾಗ್ಲಿಲ್ವಾ?" ಪೌರಕಾರ್ಮಿಕರಲ್ಲಿ ಒಬ್ಬ ಸನಿಕೆ ಹಿಡಿದು ತೊಟ್ಟಿಗೆ ಇಳಿಯಲು ಹೋದ. ಅವನಿಗೂ ಬೈಗುಳ. ಮನುಷ್ಯರನ್ನು ಅವರು ಯಾವತ್ತೂ ಇಳಿಸಿದವರಲ್ಲ. ಮೆಷಿನ್ನು ಬರಬೇಕು, ಅಷ್ಟೇ.

ಹೀರುವ ಮೆಷಿನ್ ಗಾಡಿ ಕೊಳ್ಳೇಗಾಲದಿಂದ ಬರಬೇಕಿತ್ತು. ಬರುತ್ತೆ ಬರುತ್ತೆ ಎಂದು ಕಾದೆವು. ಮತ್ತೆ ಮೋಡ ಕವಿಯುತ್ತಿತ್ತು. ಇನ್ನೊಂದು ಮಳೆ ಬಂದರೆ ತೊಟ್ಟಿಯದೆಲ್ಲ ಉಕ್ಕಿ ಮತ್ತೆ ಅದೇ ಮನೆಗೆ. ಮೇಡಂ ಫೋನಿನಲ್ಲಿ ಒಮ್ಮೆ ಫೈಲಿನ ಕನ್ನಡ, ಒಮ್ಮೆ ಹಟ್ಟಿ ಕನ್ನಡ. ದೀಪ ಹಚ್ಚುವ ಹೊತ್ತಿಗೆ ಗಾಡಿ ಬಂತು. ಡ್ರೈವರು ಗೋಪಿನಾಥಂ ಕಡೆಯವನು, ಅರ್ಧ ತಮಿಳು. "ಅಕ್ಕಾ, ಸೀಕ್ರಂ, ಮಳೆ ವರುದು!" ಎಂದು ಅವಸರಪಡಿಸುತ್ತಾ ಪೈಪು ಇಳಿಸಿದ. ಮೋರಿ, ತೊಟ್ಟಿ ಎರಡೂ ಬರಿದಾದವು. ಮರಳು ತೆಗೆದು ಹೊಸ ಮರಳು ಹಾಕಿದರು. ಮಳೆ ಕೆಲಸ ಮುಗಿಯುವವರೆಗೆ ಕಾದು, ರಾತ್ರಿ ತೊಟ್ಟಿಯ ತಳ ತುಂಬುವಷ್ಟೇ ಸುರಿದು ನಿಂತಿತು. ಆವತ್ತು ಇದನ್ನೂ ಎಣಿಸಿದೆ, ಇದು ಎಣಿಸಲು ಯೋಗ್ಯವಾದದ್ದು.

ಮಂಗಳವಾರ ಬೆಳಿಗ್ಗೆ ಸಾಹೇಬರು ಇಬ್ಬರು ಜೀಪಿನಲ್ಲಿ ಬಂದರು. ಗಾಜಿನ ಬಾಟಲಿ, ಐಸ್ ಡಬ್ಬ. ಎರಡೂ ಬೀದಿಯವರು ನಿಂತಿದ್ದೆವು, ಬೇರೆ ಬೇರೆ ಗುಂಪಾಗಿ. ಬಾಟಲಿ ತುಂಬಿದ ಮೇಲೆ ಹಿರಿಯ ಸಾಹೇಬರು ವರದಿ ತೆಗೆದರು.

"ಎಲ್ಲಾ ಮನೆ ಸರಿಯಿದೆ ಅಂತ ಸಹಿ ಹಾಕಿದ್ದೀರಲ್ಲ?"

"ಹಾಕಿದ್ದೆ ಸರ್. ತಪ್ಪಾಗಿದೆ. ಒಂದು ಮನೆಯ ಸಂಪರ್ಕ ನಿನ್ನೆ ಪತ್ತೆಯಾಯಿತು. ನಿನ್ನೆಯೇ ಕತ್ತರಿಸಿದ್ದೇವೆ."

ಹೇಳದೇ ಇರಬಹುದಿತ್ತು. ತೊಟ್ಟಿ ಕ್ಲೀನಾಗಿತ್ತು, ಅವರಿಗೆ ಯಾರು ಹೇಳುತ್ತಿದ್ದರು?

"ಅಂದ್ರೆ ಸರಿಯಾಗಿ ನೋಡದೆ ಸಹಿ ಹಾಕಿದ್ರಿ," ಅಂದರು ಸಾಹೇಬರು. "ಯಾರ ಮನೆ?" ಮೇಡಂ ಬ್ಯಾಗಿಗೆ ಕೈ ಹಾಕಿದರು. ಪುಸ್ತಕ ತೆಗೆಯುವುದಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ.

"ನಮ್ದು ಸಾ," ಅಂದೆ. "ಅವ್ರು ಸರಿಯಾಗೇ ನೋಡಿದ್ರು. ನಾವು ಪೈಪಿಗೆ ಗೋಣಿ ತುರುಕಿದ್ವಿ. ಕೇಳಿದ್ದಕ್ಕೆ ಸುಳ್ಳು ಹೇಳ್ದೋಳು ನಾನೇ."

ನಮ್ಮ ಗುಂಪಿನಲ್ಲಿ ಯಾರೋ "ಥೂ" ಅಂದರು. ನಮ್ಮವರೇ. ಆ ಕಡೆಯಿಂದ ಚಿಕ್ಕತಾಯಮ್ಮ ಮುಂದೆ ಬಂದಳು. ಉಗಿಯುತ್ತಾಳೆ ಅಂದುಕೊಂಡೆ. ಉಗಿದಿದ್ದರೂ ಸರಿಯೇ.

"ಸಾ, ಅಮ್ಮಾರು ಒಪ್ಕಂಡವ್ರೆ, ಪೈಪು ಕುಯ್ದಾಕವ್ರೆ. ಅವ್ರ್ ತಪ್ಪಿಗೆ ನಮ್ ಬೀದಿ ಮೋರಿ ನಿಲ್ಲಿಸ್ಬ್ಯಾಡಿ," ಎಂದು ಸಾಹೇಬರಿಗೆ ಹೇಳಿ, ನನ್ನ ಕಡೆ ತಿರುಗಿ, "ನಾಳೆಯಿಂದ ದೇವ್ರಿಗೆ ಊವ ಬೇರೆಯೋರ ತಾವ ತಕಳಿ," ಅಂದಳು.

ಬಾಟಲಿಯ ಫಲಿತಾಂಶ ಬರುವವರೆಗೆ ಎರಡು ಬೀದಿಗೂ ಅನ್ನ ಇಳಿಯಲಿಲ್ಲ. ಬಂತು. ನೀರು ಪಾಸಾಗಿತ್ತು. ಎರಡನೇ ಕಂತು ಉಳಿಯಿತು. ನಮಗೆ ದಂಡ ಬಿತ್ತು, ಹಿತ್ತಲಿನ ನುಗ್ಗೆ ಮರ ಕಡಿಸಿ ಹೊಸ ಗುಂಡಿ ತೋಡಿಸಿದೆವು. ಮೇಡಂಗೆ ಮೆಮೋ ಬಂತು, ಇಡೀ ನೌಕರಿಗೆ ಅದೊಂದೇ ಮೆಮೋ ಅಂತೆ. ಅದೂ ನಿವೃತ್ತಿಗೆ ಕೆಲವೇ ತಿಂಗಳಿರುವಾಗ. ನಾನು ಆಫೀಸಿಗೆ ಹೋಗಿ ಅವರ ಮೇಜಿನ ಮುಂದೆ ನಿಂತು ಅತ್ತೆ.

"ಮೆಮೋ ಏನ್ ಮನೆಯೊಳಕ್ಕೆ ನುಗ್ತದಾ? ಬುಡು," ಅಂದರು. ಫೈಲು ತಿರುವಿ ಹಾಕುತ್ತಾ, ತಲೆ ಎತ್ತದೆ, "ಸುಳ್ಳೇಳ್ದಲ್ಲ, ಅದ್ಕೆ ಸಿಟ್ಟಿಲ್ಲ ನಂಗೆ. ಎಲ್ರೂ ಏಳ್ತಾರೆ. ಮಜ್ಗೆ ಕೊಟ್ಟು ಏಳ್ದಲ್ಲ ಕಣವ್ವ," ಅಂದರು.

ಅದಾದ ಮೇಲೆ ಅವರು ನಮ್ಮ ಮನೆಯಲ್ಲಿ ನೀರನ್ನೂ ಕುಡಿದಿಲ್ಲ.

ಕೆಳಗಿನ ಬೀದಿಯ ಮೋರಿ ಮುಗಿಯುವ ಮುಂಚೆಯೇ ಅವರ ಕೊನೆಯ ದಿನ ಬಂದುಹೋಯಿತು. ಆಫೀಸಿನಲ್ಲಿ ಹಾರ, ಶಾಲು, ಮೈಸೂರು ಪೇಟ. ನಾನು ಹೋಗಲಿಲ್ಲ, ಯಾವ ಮುಖ ಇಟ್ಟುಕೊಂಡು ಹೋಗಲಿ?

ಮೊನ್ನೆ ವಾರ ಹೊಸ ಮೋರಿಗೆ ಮೊದಲ ದೊಡ್ಡ ಮಳೆ. ಕಾಳು ಕಾಳು ಹನಿ ಬೀಳುವಾಗಲೇ ಮನಸ್ಸು ತಡೆಯದೆ ಕೆಳಗೆ ಹೋದೆ. ಚಿಕ್ಕತಾಯಮ್ಮನ ಸೂರಿನ ಕೆಳಗೆ ಮೇಡಂ ನಿಂತಿದ್ದರು. ಯಾರೂ ಕರೆದಿರಲಿಲ್ಲ. ಮೋಡ ನೋಡಿ ಕೊಳ್ಳೇಗಾಲದಲ್ಲಿ ಬಸ್ಸು ಹತ್ತಿದ್ದರಂತೆ. ಮೋರಿಯಲ್ಲಿ ನೀರು ಅಂಚಿನ ಒಂದು ಗೇಣು ಕೆಳಗೆ ಕೆರೆಯ ಕಡೆ ಓಡುತ್ತಿತ್ತು. ನನ್ನನ್ನು ನೋಡಿ ಅವರು ಸ್ವಲ್ಪ ಸರಿದು ಜಾಗ ಬಿಟ್ಟರು.

"ಒಳಕ್ಕಾದ್ರೂ ಬನ್ನಿ ಮೇಡಮ್ಮೋರೆ, ನೆನೀತಿದ್ದೀರಿ. ನೀರ್ ಬರ್ಲಿಲ್ವಲ್ಲ, ಇನ್ನೇನು?" ಎಂದು ಚಿಕ್ಕತಾಯಮ್ಮ ಒಳಗಿನಿಂದ ಕರೆದಳು. ಅಕ್ಕಿ ಡಬ್ಬ ಮಂಚದ ಮೇಲೆಯೇ ಇತ್ತು, ಇಳಿಸಿರಲಿಲ್ಲ.

"ಇರು ಕಣವ್ವ, ಇದೇನ್ ಮಳೆ? ಇನ್ನೊಂದ್ ಜೋರ್ ಬರ್ಲಿ," ಅಂದರು ಮೇಡಂ.

ಬಂತು. ಎದುರು ಮನೆ ಕಾಣದ ಹಾಗೆ ಬಂತು. ಚಿಕ್ಕತಾಯಮ್ಮ ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದು ನಿಂತಳು. ನಾವು ಮೂವರೂ ಹೊಸಿಲನ್ನೇ ನೋಡುತ್ತಾ ನಿಂತೆವು. ನೀರು ಅಂಚಿಗೆ ಬಂತು, ಅಂಚಿನಲ್ಲೇ ತುಸು ಹೊತ್ತು ತೂಗಾಡಿತು, ಮತ್ತೆ ಇಳಿಯಿತು. ಆಮೇಲೆ ಚಿಕ್ಕತಾಯಮ್ಮ ಮಗುವನ್ನು ನೆಲದ ಮೇಲೆ ಬಿಟ್ಟಳು.